ಕೂಲಿಮಠದಿಂದ ಸರಕಾರಿ ಶಾಲೆಗೆ



ಕಳೆದ ಕಾರ್ತಿಕ ಮಾಸದಲ್ಲಿ ಅರಸೀಕೆರೆಯಿಂದ ಕೆಲವರು ಭಕ್ತರು ನಮ್ಮಲ್ಲಿಗೆ ಬಂದಿದ್ದರು. ಬರಿಗೈಯಲ್ಲಿ ಬಂದವರಲ್ಲ, ನಿವೇಶನವೊಂದರ ನಕ್ಷೆಯನ್ನೂ ವಂತಿಗೆ ಕೊಡಲೊಪ್ಪಿದವರ ಪಟ್ಟಿಯನ್ನೂ ತಂದಿದ್ದರು. ಮಠದ ಹೆಸರಿನಲ್ಲಿ ಊರೊಳಗೆ ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಶಾಲೆಯೊಂದನ್ನು ತೆರೆಯಬೇಕೆಂಬುದು ಅವರ ಬಿನ್ನಹ. ನಕ್ಷೆಯನ್ನು ಬಿಡಿಸಿ ನೋಡಿದೆವು. ಉದ್ದೇಶಿತ ನಿವೇಶನದ ಮಗ್ಗುಲಲ್ಲೇ ಒಂದು ಸಣ್ಣ ಚೌಕ ಬರೆದು ಅದರೊಳಗೆ ಸರಕಾರಿ ಪ್ರಾಥಮಿಕ ಪಾಠಶಾಲೆ ಎಂದು ಗುರುತಿಸಿದ್ದರು. 'ಇಲ್ಲಿ ಶಾಲೆ ಇದೆಯಲ್ಲ?' ಎಂದು ಕೇಳಿದೆವು. ಬಂದವರಲ್ಲಿ ಹಿರಿಯರೊಬ್ಬರು ನಕ್ಕು, 'ಅದರಲ್ಲಿ ಈಗ ಯಾರು ಓದುತ್ತಾರೆ, ಬುದ್ಧೀ?' ಎಂದರು.

ಉತ್ತರವನ್ನು ಅಪೇಕ್ಷಿಸಿ ಕೇಳಿದ ಪ್ರಶ್ನೆ ಅದಲ್ಲ. ಆದರೂ ಅವರು ಹೊರಟುಹೋದ ಮೇಲೆ ಅದು ನಮ್ಮ ಮನಸ್ಸಿನಲ್ಲಿಯೇ ಉಳಿಯಿತು. ಆ ಶಾಲೆಯಲ್ಲಿ ಯಾರು ಓದುತ್ತಾರೆ, ಹಿಂದೆ ಯಾರು ಓದುತ್ತಿದ್ದರು, ಅದಕ್ಕೂ ಹಿಂದೆ ಶಾಲೆಯೆಂಬುದು ಯಾರದಾಗಿತ್ತು ಎಂಬುದನ್ನು ಕ್ರಮವಾಗಿ ವಿಚಾರಿಸಿ ನೋಡೋಣವೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಬಂದಿದ್ದ ಭಕ್ತರಿಗೆ ನಾವು ಕೊಟ್ಟ ಉತ್ತರವೂ ಕೊನೆಗೆ ಇದರಲ್ಲಿಯೇ ಬರುತ್ತದೆ.

ಮೊದಲು 'ಮಠ' ಎಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಇಂದು ಮಠವೆಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಗದ್ದುಗೆ, ಗುರುಪೀಠ, ದಾಸೋಹದ ಮನೆ. ನಿಮ್ಮ ಮುತ್ತಜ್ಜಂದಿರ ಕಾಲಕ್ಕೆ ಹಾಗಿರಲಿಲ್ಲ. ಹುಡುಗ ಮಠಕ್ಕೆ ಹೋದ ಎಂದರೆ ಅಕ್ಷರ ಕಲಿಯಲು ಹೋದ ಎಂದೇ ಅರ್ಥ. ಊರ ಗುಡಿಯ ಪೌಳಿಯಲ್ಲೋ, ಗೌಡರ ಮನೆಯ ಜಗಲಿಯಲ್ಲೋ, ಅಯ್ಯನವರ ಪಡಸಾಲೆಯಲ್ಲೋ ನಡೆಯುತ್ತಿದ್ದ ಆ ಪಾಠಕ್ಕೆ ಕೂಲಿಮಠವೆಂದು ಹೆಸರು. ಮಕ್ಕಳ ತಂದೆತಾಯಿಗಳು ಕೊಟ್ಟ ಕಾಸು, ಕಾಳುಕಡಿಗಳೇ ಉಪಾಧ್ಯಾಯನ ಕೂಲಿ. ಹೇಳಿಕೊಡುವವನು ಅನೇಕ ಕಡೆ ನಮ್ಮ ಜಂಗಮ ವರ್ಗದ ಮಠದಯ್ಯ. ಉತ್ತರದ ಸೀಮೆಯಲ್ಲಿ ಅವನನ್ನು ಐಗಳು ಎಂದರು. ಕೆಲವೆಡೆ ಬ್ರಾಹ್ಮಣ ಉಪಾಧ್ಯಾಯರೂ ಇದ್ದರು. ಹುಡುಗರು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದಿ, ಅನಂತರ ಇದ್ದಿಲು ಬಳಿದು ಗಟ್ಟಿಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದು, ಮಗ್ಗಿ ಒಪ್ಪಿಸಿ, ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಮಹಾನವಮಿ ಬಂದಾಗ ಗುರುವಿನೊಡನೆ ಮನೆಮನೆಗೆ ಹೋಗಿ ಚೌಪದಿ ಹಾಡಿ ಅವನಿಗೆ ಕಾಣಿಕೆ ಕೂಡಿಸಿಕೊಡುತ್ತಿದ್ದರು. ತಪ್ಪಿದವನಿಗೆ ಕೋದಂಡದ ಶಿಕ್ಷೆ. ಹಗ್ಗ ಹಿಡಿದು ನೇತಾಡುವ ಆ ಶಿಕ್ಷೆಯನ್ನು ನೆನೆದು ನಮ್ಮ ಪೂರ್ವಾಶ್ರಮದ ಅಜ್ಜನವರು ಎಪ್ಪತ್ತರ ವಯಸ್ಸಿನಲ್ಲಿಯೂ ಅಂಗೈ ಉಜ್ಜಿಕೊಳ್ಳುತ್ತಿದ್ದರು.

ಇದೆಲ್ಲ ಬರಿಯ ಬಾಯಿಮಾತಲ್ಲ. ಮದರಾಸು ಆಧಿಪತ್ಯದ ಗವರ್ನರ್ ಥಾಮಸ್ ಮನ್ರೋ ಸಾಹೇಬನು ೧೮೨೨ರಲ್ಲಿ ತನ್ನ ಜಿಲ್ಲೆಗಳಲ್ಲೆಲ್ಲ ದೇಶೀಯ ಶಾಲೆಗಳ ಲೆಕ್ಕ ತೆಗೆಯಬೇಕೆಂದು ಆಜ್ಞೆಮಾಡಿದನು. ಅಂದು ಆ ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಕ್ಯಾಂಬೆಲ್ ೧೮೨೩ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಕನ್ನಡಿಗರೆಲ್ಲರೂ ಓದಬೇಕಾದದ್ದು. ೯,೨೭,೮೫೭ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳು. ಓದುವ ಮಕ್ಕಳು ೬,೬೪೧. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಲಿಂಗಧಾರಿಗಳ ಮಕ್ಕಳು ರಾಮಾಯಣ ಭಾರತಗಳ ಜತೆಗೆ ಬಸವಪುರಾಣ, ಚೆನ್ನಬಸವಪುರಾಣಗಳನ್ನೂ ಓದುತ್ತಿದ್ದರೆಂದು ಆ ಪರದೇಶೀಯನು ಬರೆದಿಟ್ಟಿದ್ದಾನೆ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರು. ಎರಡನೆಯವನ ಕೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬ ಗುರುತಾಗಿ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಸರದಿಯಂತೆ ಏಟುಗಳು ಏರುತ್ತಿದ್ದವಂತೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಮೆಚ್ಚಿದ ಕ್ಯಾಂಬೆಲ್, ಪಠ್ಯದ ಅರ್ಥ ಮಾತ್ರ ಮಕ್ಕಳಿಗೆ ತಿಳಿಯದೆಂದು ಆಕ್ಷೇಪಿಸಿದ್ದಾನೆ. ಆ ಆಕ್ಷೇಪವನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಕಲಿತದ್ದೂ ಮೊದಲು ಹಾಗೆಯೇ. ಅರ್ಥ ತಡವಾಗಿ ಬಂದಿತು.

ಆದರೆ ಅದೇ ವರದಿಯಲ್ಲಿ ನಮ್ಮ ಕಣ್ಣನ್ನು ನಿಲ್ಲಿಸಿದ ಸಂಖ್ಯೆಗಳು ಬೇರೆ. ೬,೬೪೧ ಮಕ್ಕಳಲ್ಲಿ ಮುಸಲ್ಮಾನರು ೨೪೩. ಹೆಣ್ಣುಮಕ್ಕಳು ೬೦. ಊರಹೊರಗಿನ ಕೇರಿಯ ಮಕ್ಕಳು ಎಷ್ಟಿದ್ದರೆಂದು ಹುಡುಕುವ ಶ್ರಮ ಬೇಡ. ಜಗಲಿಯೆಂಬುದು ಯಾರ ಮನೆಯದೋ ಅವರು ಹತ್ತಬಹುದೆಂದವರು ಮಾತ್ರ ಹತ್ತುವ ಸ್ಥಳ. ಹನ್ನೆರಡನೆಯ ಶತಮಾನದಲ್ಲಿ ಕುಲವನ್ನು ಕೇಳದೆ ಅನುಭವಮಂಟಪದಲ್ಲಿ ಕೂಡಿದ ಶರಣರ ಹೆಸರನ್ನು ಪ್ರತಿನಿತ್ಯ ಹೇಳುವ ಅಯ್ಯನವರು, ಪಾಠದ ಜಗಲಿಯ ಮೇಲೆ ಕುಲವನ್ನು ಕೇಳುತ್ತಿದ್ದರು. ಇದನ್ನು ಬರೆಯುವಾಗ ನಮಗೆ ನೋವಾಗುತ್ತದೆ. ಮಠದ ಪತ್ರಿಕೆಯಲ್ಲಿ ಮಠದವರೇ ಬರೆಯದಿದ್ದರೆ ಇನ್ನಾರು ಬರೆಯಬೇಕು?

ಇನ್ನು ಮೈಸೂರು ಸಂಸ್ಥಾನಕ್ಕೆ ಬರೋಣ. ಇಲ್ಲಿ ವಿದ್ಯಾಖಾತೆಯೆಂಬುದು ಸ್ಥಾಪಿತವಾದದ್ದು ೧೮೫೭ರಲ್ಲಿ. ಮೊದಮೊದಲು ಅದರ ಗಮನವೆಲ್ಲ ದೊಡ್ಡ ಊರುಗಳ ಮೇಲೆ. ಹಳ್ಳಿಯ ಮಕ್ಕಳ ಕಡೆಗೆ ದೃಷ್ಟಿ ಹರಿದದ್ದು ೧೮೬೮ರ ಹೋಬಳಿ ಶಾಲೆಗಳ ಯೋಜನೆಯಿಂದ. ಹೋಬಳಿಗೊಂದು ಶಾಲೆ, ಅದಕ್ಕೆ ತರಬೇತಿ ಹೊಂದಿದ ಉಪಾಧ್ಯಾಯ ಎಂಬುದು ಅದರ ಸಾರಾಂಶ. ಈ ಯೋಜನೆಯನ್ನು ರೂಪಿಸಿದವನು ಯಾರೆಂದರೆ ಬೆಂಜಮಿನ್ ಲೂಯಿ ರೈಸ್. ಶಾಸನಗಳ ರೈಸ್ ಎಂದೇ ನೀವೆಲ್ಲ ಬಲ್ಲವನು. ಬೆಂಗಳೂರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ೧೮೩೭ರಲ್ಲಿ ಹುಟ್ಟಿದ ಈತ ವಿದ್ಯಾಖಾತೆಯ ಅಧಿಕಾರಿಯಾಗಿದ್ದುಕೊಂಡೇ ಶಾಸನ ಸಂಗ್ರಹಕ್ಕೂ ಕೈಹಚ್ಚಿದನು. ಕರ್ನಾಟಕ ಶಾಸನ ಸಂಪುಟಗಳ ಮಾಲೆಯಲ್ಲಿ ಹಾಸನ ಜಿಲ್ಲೆಗೆ ಮೀಸಲಾದ ಐದನೆಯ ಸಂಪುಟ ೧೯೦೨ರಲ್ಲಿ ಹೊರಬಂದಿತು. ಅರಸೀಕೆರೆಯ ಶಾಸನಗಳು ಅದರಲ್ಲಿಯೇ ಇವೆ.

ಆ ಶಾಸನಗಳನ್ನು ಬಲ್ಲವರಿಗೆ ಅರಸೀಕೆರೆ ಎಂದೂ ಒಂದೇ ಬಗೆಯ ಜನರ ಊರಾಗಿರಲಿಲ್ಲವೆಂಬುದು ವಿದಿತ. ಅರಸಿಯ ಹೆಸರಿನ ಕೆರೆಯಿಂದ ಹೆಸರು ಪಡೆದ ಈ ಊರಿನಲ್ಲಿ ಹೊಯ್ಸಳರ ಕಾಲದ ಈಶ್ವರ ದೇವಾಲಯವಿದೆ. ನಕ್ಷತ್ರಾಕಾರದ ಅದರ ಮುಖಮಂಟಪವನ್ನು ನೋಡಲು ದೂರದೂರದವರು ಬರುತ್ತಾರೆ. ಅದು ಕಟ್ಟಲ್ಪಟ್ಟದ್ದು ೧೨೨೦ರ ಸುಮಾರಿಗೆ. ಅದೇ ಕಾಲಕ್ಕೆ ಅದೇ ಊರಿನಲ್ಲಿ ರೇಚರಸನೆಂಬ ಸಚಿವನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಈ ರೇಚರಸನು ಮೊದಲು ಕಲ್ಯಾಣದ ಕಲಚುರ್ಯ ಅರಸರ ಸಚಿವನಾಗಿದ್ದವನು. ಆ ಮನೆತನದ ಬಿಜ್ಜಳನ ಹೆಸರು ಬಸವಣ್ಣನವರ ಚರಿತ್ರೆಯನ್ನು ಬಲ್ಲ ನಿಮಗೆ ಹೊಸದೇನಲ್ಲ. ಕಲ್ಯಾಣದ ರಾಜ್ಯ ಅಳಿದ ಮೇಲೆ ಹೊಯ್ಸಳ ಬಲ್ಲಾಳನ ಆಶ್ರಯಕ್ಕೆ ಬಂದ ಆ ಜೈನ ಸಚಿವನು ಶಿವಾಲಯವಿದ್ದ ಊರಿನಲ್ಲಿ ಬಸದಿಗೆ ನೆಲೆ ಕಂಡನು. ನಾವು ಅರಸೀಕೆರೆಗೆ ಹೋದಾಗಲೆಲ್ಲ ಇವೆರಡನ್ನೂ ನೋಡದೆ ಬರುವುದಿಲ್ಲ.

ಆದರೆ ಇಂದಿನ ಅರಸೀಕೆರೆಯನ್ನು ನಿರ್ಮಿಸಿದ್ದು ಹೊಯ್ಸಳರಲ್ಲ, ರೈಲು. ಬೆಂಗಳೂರಿನಿಂದ ೧೮೮೪ರಲ್ಲಿ ತುಮಕೂರನ್ನು ಮುಟ್ಟಿದ್ದ ಹಳಿ ೧೮೮೯ರ ಹೊತ್ತಿಗೆ ಅರಸೀಕೆರೆಯನ್ನು ದಾಟಿ ಹರಿಹರದವರೆಗೆ ಸಾಗಿತು. ಪುಣೆಯ ಕಡೆಯ ದಾರಿ ತೆರೆಯಿತು. ಮುಂದೆ ೧೯೧೮ರ ಹೊತ್ತಿಗೆ ಮೈಸೂರಿನಿಂದ ಹಾಸನದ ಮೇಲೆ ಬಂದ ದಾರಿಯೂ ಇಲ್ಲಿಯೇ ಕೂಡಿಕೊಂಡು ಊರು ಜಂಕ್ಷನ್ ಆಯಿತು. ಜಂಕ್ಷನ್ ಎಂದರೆ ಏನೆಂಬುದನ್ನು ಆ ಊರಿನಲ್ಲಿ ಬಾಳಿದವರೇ ಹೇಳಬೇಕು. ಎಂಜಿನ್ನಿನ ಷೆಡ್ಡು ಬಂದಿತು, ವಸತಿಯ ಸಾಲುಮನೆಗಳು ಬಂದವು. ತಮಿಳು, ತೆಲುಗು ಮನೆಮಾತಿನ ಚಾಲಕರು, ಬೆಂಕಿಗಾರರು, ಗ್ಯಾಂಗಿನ ಕೂಲಿಗಳು ಬಂದರು. ತೆಂಗಿನ ಸೀಮೆಯ ನಡುವಣ ಊರಾದ್ದರಿಂದ ಕೊಬ್ಬರಿಯ ವ್ಯಾಪಾರ ಬೆಳೆಯಿತು. ವ್ಯಾಪಾರದೊಡನೆ ವರ್ತಕರು, ಹಮಾಲಿಗಳು, ಗಾಡಿಯವರು. ಉರ್ದು ಮಾತಾಡುವ ಮುಸಲ್ಮಾನರ ಬೀದಿಗಳು, ಮಾರವಾಡಿಗಳ ಅಂಗಡಿಗಳು, ಸುತ್ತಣ ತಾಂಡಗಳಿಂದ ಸಂತೆಗೆ ಬರುವ ಲಂಬಾಣಿಗಳು, ಕ್ರೈಸ್ತ ಕುಟುಂಬಗಳು, ನಮ್ಮ ವೀರಶೈವರು, ಒಕ್ಕಲಿಗರು, ಕುರುಬರು, ಕೇರಿಯ ಜನ. ಇವರೆಲ್ಲರ ಮಕ್ಕಳು ಓದಬೇಕಾದದ್ದು ಎಲ್ಲಿ? ಯಾವ ಅಯ್ಯನವರ ಜಗಲಿ ಇವರನ್ನೆಲ್ಲ ಹಿಡಿಯುತ್ತಿತ್ತು?

ಸರಕಾರಿ ಶಾಲೆಯ ಅವಶ್ಯಕತೆ ಇಂಥ ಊರುಗಳಲ್ಲಿ ಮೊದಲು ಎದ್ದುಕಂಡಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದಿತು. ಆಯ್ದ ಸ್ಥಳಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಡ್ಡಾಯವಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ಗೋಖಲೆಯವರು ೧೯೧೧ರಲ್ಲಿ ತಂದಿದ್ದ ಇಂಥದೇ ಮಸೂದೆ ಬಿದ್ದುಹೋಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲವೆಂಬುದನ್ನು ನೆನೆದರೆ ಇದರ ಹಿರಿಮೆ ತಿಳಿಯುತ್ತದೆ. ಕಡ್ಡಾಯವೆಂದ ಮೇಲೆ ಎಲ್ಲರಿಗೂ ಕಡ್ಡಾಯವಷ್ಟೆ. ಅದೇ ದಶಕದಲ್ಲಿ, ಅಂದು ಪಂಚಮರೆನಿಸಿಕೊಂಡವರ ಮಕ್ಕಳಿಗೂ ಸರಕಾರಿ ಶಾಲೆಗಳ ಬಾಗಿಲು ತೆರೆದಿರಬೇಕೆಂಬ ಆಜ್ಞೆಗಳಾದವು. ವಿದ್ಯಾಖಾತೆಯಲ್ಲಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರಂಥವರು ಅದರ ಬೆನ್ನಿಗೆ ನಿಂತರು. ಪರಿಣಾಮವೇನಾಯಿತು? ಬಾಗಿಲು ತೆರೆದ ಎಷ್ಟೋ ಶಾಲೆಗಳಿಂದ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಈ ಒಂದು ಸಂಗತಿಯ ಮುಂದೆ, ಭಕ್ತರೇ, ಸ್ವಲ್ಪ ನಿಲ್ಲಿರಿ. ಕೇರಿಯ ಮಗು ಒಳಗೆ ಬಂದಿತೆಂದು ನಮ್ಮ ಮಗುವನ್ನು ಹೊರಗೆ ಕರೆದುಕೊಂಡು ಹೋಗುವ ಕಾರ್ಯ ನಡೆದು ನೂರು ವರ್ಷಗಳಾದವು. ಅಂದು ಅದನ್ನು ಮಾಡಿದವರು ಕಾರಣವನ್ನು ಬಾಯಿಬಿಟ್ಟು ಹೇಳುತ್ತಿದ್ದರು.

ಅನಂತರದ ಕಾಯಿದೆಗಳ ಕಥೆಯನ್ನು ಬೇಗ ಮುಗಿಸುತ್ತೇವೆ. ೧೯೩೦ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಗೆ ಹೋದವು. ಅದು ಚೆನ್ನಾಗಿ ನಡೆಯಲಿಲ್ಲವೆಂದು ೧೯೪೧ರಲ್ಲಿ ಸರಕಾರವೇ ಮರಳಿ ವಹಿಸಿಕೊಂಡಿತು. ಏಕೀಕರಣವಾದ ಮೇಲೆ ೧೯೬೧ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಈ ಮಧ್ಯೆ ಅರಸೀಕೆರೆಗೆ ಮತ್ತೊಂದು ಭಾಗ್ಯ ಒದಗಿತು. ೧೯೪೪ರಲ್ಲಿ ಕಸ್ತೂರಬಾ ಅವರು ತೀರಿಕೊಂಡ ತರುವಾಯ ಅವರ ಹೆಸರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸ್ಮಾರಕ ಟ್ರಸ್ಟ್, ಕರ್ನಾಟಕದ ತನ್ನ ಕೇಂದ್ರವನ್ನು ಈ ಊರ ಬಳಿಯೇ ಮಾಡಿಕೊಂಡಿತು. ಯಶೋಧರಾ ದಾಸಪ್ಪನವರಂಥ ಮಹನೀಯರು ಅದಕ್ಕಾಗಿ ದುಡಿದರು. ಹಳ್ಳಿಗಳಲ್ಲಿ ಕೆಲಸಮಾಡುವ ಗ್ರಾಮಸೇವಿಕೆಯರು ಅಲ್ಲಿ ತರಬೇತಿ ಪಡೆದರು.

ಮಠಗಳೇನು ಸುಮ್ಮನೆ ಕುಳಿತಿದ್ದವೆಂದು ನಾವು ಹೇಳುತ್ತಿಲ್ಲ. ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು ೧೯೦೪ರಲ್ಲಿ ಧಾರವಾಡದಲ್ಲಿ ಮಹಾಸಭೆಯನ್ನು ಸ್ಥಾಪಿಸಿದಂದಿನಿಂದ ವಿದ್ಯಾಪ್ರಸಾರವೇ ನಮ್ಮ ಸಮಾಜದ ಮುಖ್ಯ ಚಿಂತೆಯಾಯಿತು. ಬೆಳಗಾವಿಯಲ್ಲಿ ೧೯೧೬ರಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆ, ಸಿದ್ಧಗಂಗೆಯಲ್ಲಿ ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆ, ಸುತ್ತೂರಿನವರದು ೧೯೫೪ರಲ್ಲಿ, ಸಿರಿಗೆರೆಯವರದು ೧೯೬೨ರಲ್ಲಿ. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳವರು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಪಂಕ್ತಿಯಲ್ಲಿ ಎಲ್ಲ ಜಾತಿಯ, ಎಲ್ಲ ಮತದ ಸಾವಿರಾರು ಮಕ್ಕಳು ಕುಳಿತು ಉಂಡರೆಂಬುದು ಲೋಕವೇ ಬಲ್ಲ ಸಂಗತಿ. ಆ ಅನ್ನದ ಋಣದಲ್ಲಿ ಈ ಪತ್ರಿಕೆಯ ಎಷ್ಟೋ ಓದುಗರೂ ಇದ್ದೀರಿ. ಆದರೆ ಮಠದ ನಿಲಯಕ್ಕೆ ಬರುವ ಮಗು ಗುರುಗಳ ಕೃಪೆಯಿಂದ ಬರುತ್ತದೆ. ಸರಕಾರಿ ಶಾಲೆಗೆ ಬರುವ ಮಗು ಯಾರ ಕೃಪೆಯಿಂದಲೂ ಬರುವುದಿಲ್ಲ, ಹಕ್ಕಿನಿಂದ ಬರುತ್ತದೆ. ಈ ಭೇದವನ್ನು ನಾವು ವಿಶ್ವವಿದ್ಯಾನಿಲಯದಲ್ಲಿ ಓದಿ ತಿಳಿದದ್ದಲ್ಲ. ಪೂರ್ವಾಶ್ರಮದ ಬಾಲ್ಯದಲ್ಲಿ ಕಂಡದ್ದು. ಅದನ್ನು ಇಲ್ಲಿ ಹೇಳಿಬಿಡುತ್ತೇವೆ.

ನಾವು ಮೂರನೆಯ ತರಗತಿಯಿಂದ ಓದಿದ್ದು ನಮ್ಮ ಸೀಮೆಯ ರೈಲು ಊರೊಂದರ ಸರಕಾರಿ ಶಾಲೆಯಲ್ಲಿ. ಊರಿನ ಹೆಸರು ಬೇಡ. ೧೯೭೦ರ ದಶಕದ ಕೊನೆಯ ವರ್ಷಗಳು. ಎರಡು ಕೊಠಡಿ, ಒಂದು ಹೆಂಚಿನ ಪಡಸಾಲೆ, ಗೋಣಿಯ ತಟ್ಟುಗಳು. ನಮ್ಮ ಎಡಕ್ಕೆ ಎಂಜಿನ್ನಿಗೆ ಕಲ್ಲಿದ್ದಲು ಎಸೆಯುವವರ ಮಗ, ತಮಿಳಿನವನು. ಬಲಕ್ಕೆ ಗ್ಯಾಂಗಿನವರ ಮಗ, ಕೇರಿಯಿಂದ ಬರುವವನು. ಹಿಂದೆ ಗುಜರಿ ಅಂಗಡಿಯ ಸಾಹೇಬರ ಅವಳಿ ಹುಡುಗರು. ಕಾಶಿಯಲ್ಲಿ ಓದುವಾಗ ನಮ್ಮ ಹಿಂದೂಸ್ತಾನಿ ಮಾತನ್ನು ಕೇಳಿ ಎಲ್ಲಿ ಕಲಿತಿರೆಂದು ಸಹಪಾಠಿಗಳು ವಿಚಾರಿಸುತ್ತಿದ್ದರು. ಗೋಲಿಯಾಟದಲ್ಲಿ ಕಲಿತೆವೆಂದರೆ ಯಾರೂ ನಂಬುತ್ತಿರಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಕುಡಿಯುವ ನೀರಿನ ಹಂಡೆ. ನಾವು ಲೋಟದಿಂದ ಮೊಗೆದುಕೊಳ್ಳಬಹುದು; ಕೇರಿಯ ಮಕ್ಕಳು ಬೊಗಸೆಯೊಡ್ಡಬೇಕು, ಬೇರೆಯವರು ಮೇಲಿನಿಂದ ಹೊಯ್ಯಬೇಕು. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ. ನಿಯಮವೆಲ್ಲಿದೆಯೆಂದು ಹುಡುಕಿದರೆ ಸಿಗುತ್ತಿರಲಿಲ್ಲ. ನೀರಡಿಕೆಯಾದಾಗ ಮಾತ್ರ ಕಾಣುತ್ತಿತ್ತು.

ಮಧ್ಯಾಹ್ನ ಉಪ್ಪಿಟ್ಟು. ಅಮೆರಿಕದಿಂದ ಕೇರ್ ಸಂಸ್ಥೆಯವರು ಕಳುಹಿಸುತ್ತಿದ್ದ ಗೋಧಿ ನುಚ್ಚಿನದು. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಆ ವಾಸನೆ ನೆನಪಿರಲೇಬೇಕು. ಅಡಿಗೆ ಮಾಡುವವಳು ಯಾವ ಜಾತಿಯೋ ಎಂದು ನಮ್ಮ ಅಜ್ಜಿ ಅದನ್ನು ಮುಟ್ಟಕೂಡದೆಂದು ವಿಧಿಸಿದ್ದರು. ಜಂಗಮರ ಮನೆಯ ಹುಡುಗನಲ್ಲವೇ! ಮನೆಯಿಂದ ಕಟ್ಟಿಕೊಟ್ಟ ರೊಟ್ಟಿಯನ್ನು ನಾವು ಬೇಲಿಯ ಮರೆಯಲ್ಲಿ ತಿನ್ನುತ್ತಿದ್ದೆವು. ನಮ್ಮ ಪಾಲಿನ ಉಪ್ಪಿಟ್ಟು ಬಲಗಡೆಯವನಿಗೆ ಹೋಗುತ್ತಿತ್ತು. ಅವನು ಎರಡು ಮುತ್ತುಗದ ಎಲೆ ಹಿಡಿದು ನಿಲ್ಲುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ.

ಮುಖ್ಯೋಪಾಧ್ಯಾಯರು ಮುಸಲ್ಮಾನರು, ಹಳಗನ್ನಡವನ್ನು ಅವರಷ್ಟು ಸ್ಪಷ್ಟವಾಗಿ ಓದುವವರನ್ನು ಮುಂದೆ ಮೈಸೂರಿನಲ್ಲಿಯೂ ನಾವು ಹೆಚ್ಚು ಕಾಣಲಿಲ್ಲ. ಅವರು ಇದನ್ನು ಎಷ್ಟು ದಿನ ನೋಡಿದರೋ! ಗದರಲಿಲ್ಲ, ಅಜ್ಜಿಗೆ ಹೇಳಿಕಳುಹಿಸಲಿಲ್ಲ. ಒಂದು ದಿನ ಸೌಟನ್ನು ನಮ್ಮ ಕೈಗಿಟ್ಟು, 'ಇನ್ನು ಮೇಲೆ ಬಡಿಸುವುದು ನೀನು' ಎಂದರು. ಬಡಿಸುವುದಕ್ಕೆ ಅಜ್ಜಿಯ ನಿಷೇಧವಿರಲಿಲ್ಲ. ಬಡಿಸಿದೆವು. ಬಡಿಸುವವನಿಗೆ ಎಲೆಗಳು ಕಾಣುತ್ತವೆ, ಕೈಗಳು ಕಾಣುತ್ತವೆ. ಯಾರು ಬೆಳಗ್ಗೆ ಏನೂ ತಿನ್ನದೆ ಬಂದಿದ್ದಾರೆಂಬುದು ಮೂರೇ ದಿನಕ್ಕೆ ತಿಳಿಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಕೊನೆಯ ಎಲೆ ನಮ್ಮದಾಗಿ ನಾವೂ ಉಣ್ಣತೊಡಗಿದೆವು. ಅಜ್ಜಿಗೆ ಹೇಳಲಿಲ್ಲ. ನೀರಿನ ಹಂಡೆಯ ಪದ್ಧತಿ ಮಾತ್ರ ನಾವು ಶಾಲೆ ಬಿಡುವವರೆಗೂ ಇದ್ದಂತೆಯೇ ಇತ್ತು. ಅದನ್ನು ಕುರಿತು ನಾವು ಒಂದು ಮಾತೂ ಆಡಲಿಲ್ಲವೆಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳಬೇಕು.

ಈ ಹಿನ್ನೆಲೆಯಿದ್ದುದರಿಂದಲೇ ೨೦೦೨ರಲ್ಲಿ ಸರಕಾರವು ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೦೧ರ ನವೆಂಬರಿನಲ್ಲಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತ್ತು. ಕರ್ನಾಟಕದಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ, ಮರುವರ್ಷ ಉಳಿದೆಡೆಗಳಲ್ಲಿ ಅದು ಜಾರಿಗೆ ಬಂದಿತು. ೨೦೧೩ರಿಂದ ಹಾಲೂ ಸೇರಿತು. ಶರಣರ ಮಾತೊಂದು ಮಠದ ಹೊಸ್ತಿಲನ್ನು ದಾಟಿ ಸರಕಾರದ ಕಡತವನ್ನು ಹೊಕ್ಕಿತು. ಅಲ್ಲಿ ಪಂಕ್ತಿಭೇದ ಮಾಡಿದರೆ ಈಗ ಅದು ಅಪರಾಧ.

ಇಷ್ಟೆಲ್ಲ ಆದ ಮೇಲೆ ಏನಾಯಿತು? ೨೦೦೯ರಲ್ಲಿ ಪಾರ್ಲಿಮೆಂಟು ಶಿಕ್ಷಣದ ಹಕ್ಕಿನ ಕಾಯಿದೆಯನ್ನು ಮಾಡಿತು. ಮರುವರ್ಷದ ಏಪ್ರಿಲ್‌ನಿಂದ ಅದು ಜಾರಿಗೆ ಬಂದಿತು. ಬಾಗಿಲು ಪೂರ್ಣವಾಗಿ ತೆರೆಯಿತು. ಅಷ್ಟರಲ್ಲಿಯೇ ಒಳಗಿದ್ದವರು ಹೊರಟುಹೋಗುತ್ತಿದ್ದರು. ಮೊದಲು ಅಧಿಕಾರಿಗಳ ಮಕ್ಕಳು, ಅನಂತರ ವರ್ತಕರ ಮಕ್ಕಳು, ಅನಂತರ ಉಪಾಧ್ಯಾಯರ ಮಕ್ಕಳೇ! ಕಾರಣ ಕೇಳಿದರೆ ಇಂಗ್ಲಿಷ್ ಎನ್ನುತ್ತಾರೆ. ಆ ಕಾರಣ ಸುಳ್ಳಲ್ಲ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂಬ ರಾಜ್ಯದ ೧೯೯೪ರ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ತಳ್ಳಿಹಾಕಿತು. ೨೦೧೯ರಲ್ಲಿ ಸರಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗಗಳನ್ನು ತೆರೆಯಿತು. ಕೂಲಿಕಾರನಿಗೂ ತನ್ನ ಮಗ ಇಂಗ್ಲಿಷ್ ಕಲಿಯಬೇಕೆಂಬ ಆಸೆಯಿದೆ. ಅದನ್ನು ತಪ್ಪೆಂದು ಹೇಳಲು ನಾಲ್ಕು ಭಾಷೆ ಕಲಿತ ನಮಗೆ ಯಾವ ಅಧಿಕಾರವಿದೆ? ಆದರೆ ನಮ್ಮ ಬಳಿಗೆ ಬಂದ ಭಕ್ತರು ಇಂಗ್ಲಿಷ್ ಬೇಕು ಎಂದು ನಿಲ್ಲಿಸಲಿಲ್ಲ. 'ಅದರಲ್ಲಿ ಈಗ ಯಾರು ಓದುತ್ತಾರೆ' ಎಂದರು. ನೂರು ವರ್ಷಗಳ ಹಿಂದೆ ಬಾಯಿಬಿಟ್ಟು ಹೇಳುತ್ತಿದ್ದ ಕಾರಣದ ಧ್ವನಿ ನಮಗೆ 'ಯಾರು' ಎಂಬ ಆ ಒಂದು ಶಬ್ದದಲ್ಲಿ ಕೇಳಿಸಿತು. ನಮ್ಮ ಕಿವಿಯ ದೋಷವಾಗಿದ್ದರೆ ಭಕ್ತರು ಮನ್ನಿಸಬೇಕು.

ಮಕ್ಕಳು ಕಡಿಮೆಯಾದಂತೆ ಶಾಲೆ ಹೇಗೆ ಸೊರಗುತ್ತದೆಂಬುದು ಬಹುಜನಕ್ಕೆ ತಿಳಿಯದು. ೨೦೦೯ರ ಕಾಯಿದೆಯ ಅನುಬಂಧದಂತೆ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ೬೦ ಮಕ್ಕಳವರೆಗೆ ಉಪಾಧ್ಯಾಯರು ಇಬ್ಬರು; ೬೧ರಿಂದ ೯೦ರವರೆಗೆ ಮೂವರು. ಅರವತ್ತೊಂದನೆಯ ಮಗು ಶಾಲೆ ಬಿಟ್ಟಿತೆನ್ನಿರಿ. ಹೋದದ್ದು ಒಂದು ಮಗು. ಅದರ ಹಿಂದೆಯೇ ಮೂರನೆಯ ಉಪಾಧ್ಯಾಯನೂ ಹೆಚ್ಚುವರಿಯೆನಿಸುತ್ತಾನೆ. ಐದು ತರಗತಿಗಳಿಗೆ ಇಬ್ಬರೇ ಉಳಿದರೆ ಪಾಠ ಕುಂಟುತ್ತದೆ; ಪಾಠ ಕುಂಟಿತೆಂದು ಇನ್ನೂ ಹತ್ತು ಮಂದಿ ಬಿಡಿಸಿಕೊಳ್ಳುತ್ತಾರೆ. ಉಳಿಯುವವರು ಹೋಗಲು ಬೇರೆ ಸ್ಥಳವಿಲ್ಲದವರು. ಬಿಡಿಸಿಕೊಂಡು ಹೋದವರಲ್ಲಿ ಸಭೆಗೆ ಬಂದು ಪ್ರಶ್ನೆ ಕೇಳಬಲ್ಲವರು, ಅರ್ಜಿ ಬರೆಯಬಲ್ಲವರು, ಶಾಸಕರ ಮನೆಯ ಬಾಗಿಲು ತಟ್ಟಬಲ್ಲವರು ಇರುತ್ತಾರೆ. ೨೦೦೧ರಲ್ಲಿ ರಾಜ್ಯ ಸರಕಾರ ಪ್ರತಿ ಶಾಲೆಗೂ ಪಾಲಕರ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯನ್ನು ಮಾಡಿತಲ್ಲ, ಅದರ ಬಲವೂ ಅವರೊಡನೆಯೇ ಹೋಗುತ್ತದೆ.

ಮತ್ತು ಆ ಅರವತ್ತೊಂದನೆಯ ಮಗುವನ್ನು ಕರೆದುಕೊಂಡು ಹೋಗುವ ಹಳದಿ ಬಣ್ಣದ ವಾಹನದ ಮೇಲೆ ಎಷ್ಟೋ ಊರುಗಳಲ್ಲಿ ಬರೆದಿರುವುದು ಯಾರ ಹೆಸರು? ಶರಣರ ಹೆಸರು, ಗುರುಗಳ ಹೆಸರು, ನಮ್ಮಂಥವರ ಮಠಗಳ ಹೆಸರು.

ಪುಷ್ಯ ಮಾಸದಲ್ಲಿ ಬೇರೊಂದು ಕಾರ್ಯನಿಮಿತ್ತ ಅರಸೀಕೆರೆಗೆ ಹೋದಾಗ, ಮೊದಲೇ ತಿಳಿಸದೆ ನಕ್ಷೆಯ ಆ ಚೌಕದೊಳಕ್ಕೆ ಹೋದೆವು. ಊಟದ ಸಮಯ. ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಕುಳಿತಿದ್ದರು. ಕಾವಿಯನ್ನು ಕಂಡು ಕೆಲವರು ಎದ್ದರು, ಕುಳಿತುಕೊಳ್ಳಿರೆಂದೆವು. ಯಾರು ಓದುತ್ತಾರೆಂದು ಕೇಳಿದ ಹಿರಿಯರಿಗೆ ಉತ್ತರವಾಗಿ ಬರೆಯುತ್ತೇವೆ. ಕೊಬ್ಬರಿ ಮಂಡಿಯ ಹಮಾಲಿಗಳ ಮಕ್ಕಳು ಓದುತ್ತಾರೆ. ಮನೆಯಲ್ಲಿ ಉರ್ದು ಆಡುವ, ಶಾಲೆಯಲ್ಲಿ ಕನ್ನಡದ ಮಗ್ಗಿಯನ್ನು ಒಂದೇ ಉಸಿರಿಗೆ ಹೇಳುವ ಹುಡುಗಿಯರು ಓದುತ್ತಾರೆ. ತಾಂಡದಿಂದ ಬಂದು ಊರಿನಲ್ಲಿ ಕಟ್ಟಡದ ಕೆಲಸ ಮಾಡುವವರ ಮಕ್ಕಳು ಓದುತ್ತಾರೆ. ಬಿಹಾರದ ಕಡೆಯಿಂದ ಕೂಲಿಗೆಂದು ಬಂದವರ ಮಗನೊಬ್ಬ ಇದ್ದಾನೆ. ಅವನಿಗೆ ಸೇರಿ ಆರು ತಿಂಗಳು, 'ಳ' ಇನ್ನೂ ಹೊರಳುವುದಿಲ್ಲ. ಉಪಾಧ್ಯಾಯಿನಿ ಅವನ ಪಕ್ಕದಲ್ಲಿ ಉರ್ದು ಮನೆಮಾತಿನ ಹುಡುಗನನ್ನು ಕೂರಿಸಿದ್ದಾರೆ. ಅವನು ಇವನಿಗೆ ದುಭಾಷಿ. ಲಿಂಗಧಾರಿಗಳ ಮಕ್ಕಳು ಎಷ್ಟೆಂದು ವಿಚಾರಿಸಿದೆವು. ಇಬ್ಬರು. ಒಬ್ಬನ ತಾಯಿ ಅಲ್ಲಿಯೇ ಅಡಿಗೆ ಮಾಡುವವಳು.

ಕುಡಿಯುವ ನೀರಿಗೆ ನಲ್ಲಿಯಿತ್ತು, ಸಾಲಾಗಿ ಐದಾರು. ಎಲ್ಲರೂ ಒಂದೇ ಬಗೆಯಾಗಿ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ನಾವು ಬೇಡವೆಂದರೂ ಕೇಳದೆ ಉಪಾಧ್ಯಾಯಿನಿ ನಮಗೂ ತಟ್ಟೆ ಇಡಿಸಿದರು. ಅನ್ನ ಮತ್ತು ತರಕಾರಿಯ ಸಾರು. ಸಾರಿಗೆ ಉಪ್ಪು ತುಸು ಕಡಿಮೆಯಿತ್ತು. ಒಂದು ಕೊಠಡಿಯ ಮೇಲ್ಛಾವಣಿ ಸೋರಿ ಗೋಡೆಯ ನಕಾಶೆಯಲ್ಲಿ ಕರ್ನಾಟಕದ ಅರ್ಧ ಭಾಗ ಅಳಿಸಿಹೋಗಿದೆ. ಆ ಕೊಠಡಿಯನ್ನು ಮುಚ್ಚಿ ಎರಡು ತರಗತಿಗಳನ್ನು ಕೂಡಿಸಿ ನಡೆಸುತ್ತಿದ್ದಾರೆ.

ಮಠಕ್ಕೆ ಮರಳಿದ ಮೇಲೆ ಭಕ್ತರಿಗೆ ಪತ್ರ ಬರೆಸಿದೆವು. ಮಠದ ಹೆಸರಿನಲ್ಲಿ ಅಲ್ಲಿ ಬೇರೆ ಶಾಲೆ ಬೇಡವೆಂದೂ, ಪಟ್ಟಿಯಲ್ಲಿರುವ ವಂತಿಗೆಯಿಂದ ಮೊದಲು ಆ ಕೊಠಡಿಯ ಛಾವಣಿ ಆಗಲೆಂದೂ, ಇಂಗ್ಲಿಷ್ ಕಲಿಸಲು ಒಬ್ಬ ಉಪಾಧ್ಯಾಯರ ಸಂಬಳವನ್ನು ಮಠವೇ ವಹಿಸಿಕೊಳ್ಳುವುದೆಂದೂ, ಇಲಾಖೆಯ ಒಪ್ಪಿಗೆಯನ್ನು ಕೇಳುವ ಕೆಲಸ ನಮ್ಮದೆಂದೂ ತಿಳಿಸಿದ್ದೇವೆ. ಪಟ್ಟಿಯಲ್ಲಿದ್ದ ಇಪ್ಪತ್ತಮೂರು ಮಂದಿಯಲ್ಲಿ ಒಂಬತ್ತು ಮಂದಿ ಒಪ್ಪಿ ಬರೆದಿದ್ದಾರೆ. ಇಬ್ಬರು ತಮ್ಮ ವಂತಿಗೆಯನ್ನು ಹಿಂತೆಗೆದುಕೊಂಡಿದ್ದಾರೆ. ಉಳಿದವರಿಂದ ಇನ್ನೂ ಉತ್ತರವಿಲ್ಲ. ನಕ್ಕು ಪ್ರಶ್ನೆ ಕೇಳಿದ ಹಿರಿಯರು ಮಾತ್ರ ಮೊನ್ನೆ ಅಮಾವಾಸ್ಯೆಯಂದು ಮಠಕ್ಕೆ ಬಂದು ಬಹಳ ಹೊತ್ತು ಏನೂ ಹೇಳದೆ ಕುಳಿತಿದ್ದು, ಹೊರಡುವಾಗ, ತಮ್ಮ ತಂದೆಯವರೂ ತಾವೂ ಅಕ್ಷರ ಕಲಿತದ್ದು ಅದೇ ಶಾಲೆಯಲ್ಲಿ ಎಂದು ಹೇಳಿ ಹೋದರು.